ಕೆರೆಯಲ್ಲಿ ಸೇವಕರಿಲ್ಲ

ನಮಸ್ಕಾರ,

ಕೆರೆಯ ಪ್ರಾಣಿಪ್ಲವಕಗಳ, ಅಂದರೆ ನೀರಿನಲ್ಲಿ ತೇಲಾಡುವ ಪುಟ್ಟ ಪ್ರಾಣಿಗಳ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಅವುಗಳಲ್ಲೊಂದಾದ ಡಾಫ್ನಿಯಾ ಬೆನ್ನ ಮೇಲಿನ, ಕುದುರೆಯ ಜೀನಿನಂಥ ಕಪ್ಪು ಚೀಲದಲ್ಲಿ ಮೊಟ್ಟೆ ಇಡುತ್ತದೆ, ಆ ಚೀಲ ಕೆಸರಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ ಎಂದು ಬರೆದ ಪ್ಯಾರಾ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ. ಭಾಷೆಯೂ ಸಲೀಸಾಗಿದೆ. ಹೊಗಳಿಕೆ ಇಷ್ಟು ಸಾಕು, ಅಲ್ವಾ? ಈಗ ನನ್ನ ತಲೆ ಕೆಡಿಸಿದ ವಾಕ್ಯಕ್ಕೆ ಬರುತ್ತೇನೆ.

‘ಬರಿಗಣ್ಣಿಗೆ ಕಾಣದ ಈ ಪುಟಾಣಿ ಸೇವಕರು ಹಗಲಿರುಳು ದುಡಿದು ಕೆರೆಯನ್ನು ಸ್ವಚ್ಛವಾಗಿಡುತ್ತಾರೆ.’

ಒಂದೊಂದೇ ಪದ ನೋಡೋಣ.

‘ಬರಿಗಣ್ಣಿಗೆ ಕಾಣದ.’ ರೋಟಿಫರ್ ಎಂಬ ಅತಿ ಸಣ್ಣ ಪ್ಲವಕಕ್ಕೆ ಈ ಮಾತು ಹೆಚ್ಚುಕಡಿಮೆ ಸರಿ. ಡಾಫ್ನಿಯಾ? ದೊಡ್ಡದು 2–3 ಮಿಲಿಮೀಟರ್ ಇರುತ್ತದೆ. ಗಾಜಿನ ಲೋಟದಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದರೆ ಕುಪ್ಪಳಿಸುತ್ತಾ ಹೋಗುವುದು ಕಾಣುತ್ತದೆ. ಅದಕ್ಕೇ ನೀರುಚಿಗಟ ಅಂತ ಹೆಸರು ಬಂದದ್ದು. ನೀವು ಲೋಟ ಹಿಡಿದು ನೋಡಿಲ್ಲ ಅಂತ ನನ್ನ ಅನುಮಾನ.

‘ಸೇವಕರು.’ ಲೇಖನದಲ್ಲಿ ಇದು ಏಳು ಸಲ ಬಂದಿದೆ, ಎಣಿಸಿದೆ. ಡಾಫ್ನಿಯಾ ಯಾರ ಸೇವೆಯನ್ನೂ ಮಾಡುತ್ತಿಲ್ಲ, ಅದಕ್ಕೆ ಹಸಿವು. ಚಿಪ್ಪಿನೊಳಗೆ ಕಾಲು ಬಡಿದು ನೀರು ಎಳೆದುಕೊಳ್ಳುತ್ತದೆ. ಕಾಲಿನ ಸಣ್ಣ ಕೂದಲುಗಳಲ್ಲಿ ಪಾಚಿ ಸೋಸಿ ತಿನ್ನುತ್ತದೆ. ನೀರು ತಿಳಿಯಾಗುವುದು ಅದರ ಊಟದ ಪರಿಣಾಮ, ಉದ್ದೇಶ ಅಲ್ಲ. ಎಳೆ ಎಳೆಯಾದ ನೀಲಿಹಸಿರು ಪಾಚಿ ಹೆಚ್ಚಾದರೆ ಈ ಸೋಸುಕಾಲುಗಳೇ ಸಿಕ್ಕಿಕೊಳ್ಳುತ್ತವೆ, ತಿನ್ನೋಕಾಗಲ್ಲ. ಆಗ ಇವರನ್ನು ಸೋಮಾರಿ ಸೇವಕರು ಅಂತ ಕರೆಯುತ್ತೀರಾ?

‘ಹಗಲಿರುಳು.’ ನನಗೆ ಜಾಸ್ತಿ ಸಿಟ್ಟು ಬಂದದ್ದು ಇಲ್ಲಿ. ನಿಮ್ಮ ವಿಷಯದ ಅತ್ಯುತ್ತಮ ಕಥೆ ಈ ಪದದ ಕೆಳಗೆ ಹೂತುಹೋಗಿದೆ. ಮೀನಿರುವ ಆಳದ ಕೆರೆಗಳಲ್ಲಿ ಬಹಳಷ್ಟು ಪ್ಲವಕಗಳು ಹಗಲಲ್ಲಿ ಕೆಳಗಿನ ಕತ್ತಲಲ್ಲಿ ಅಡಗಿರುತ್ತವೆ. ಪಾಚಿ ಇರುವುದು ಮೇಲೆ, ಬೆಳಕಿನಲ್ಲಿ. ಆದರೆ ಬೆಳಕಿದ್ದರೆ ಮೀನಿಗೆ ಕಾಣುತ್ತವೆ. ಹಾಗಾಗಿ ಕತ್ತಲಾದ ಮೇಲೆ ಊಟಕ್ಕೆ ಮೇಲೆ ಬರುತ್ತವೆ, ಬೆಳಗಾಗುವ ಮುಂಚೆ ಇಳಿಯುತ್ತವೆ. ಮೀನಿಲ್ಲದ ಕಡೆ ಈ ಓಡಾಟ ಕಡಿಮೆ. ದಿನಾ ನಡೆಯುವ ಈ ಭಯದ ಪ್ರಯಾಣವನ್ನು ಬಿಟ್ಟು ‘ಹಗಲಿರುಳು ದುಡಿದು’ ಅಂತ ಸುಮ್ನೆ ಬರೆದುಬಿಟ್ಟಿರಿ.

ಮೀನಿನ ಕಣ್ಣು ಎಷ್ಟು ದೊಡ್ಡ ವಿಷಯ ಗೊತ್ತಾ? ಜಾನ್ ಬ್ರೂಕ್ಸ್ ಮತ್ತು ಸ್ಟ್ಯಾನ್ಲಿ ಡಾಡ್ಸನ್ ಎಂಬ ಜೀವವಿಜ್ಞಾನಿಗಳು 1965ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಕೆರೆಗಳ ಬಗ್ಗೆ ಬರೆದರು. ಏಲ್‌ವೈಫ್ ಎಂಬ ಮೀನಿದ್ದ ಕೆರೆಗಳಲ್ಲಿ ದೊಡ್ಡ ಪ್ಲವಕಗಳು ಮಾಯವಾಗಿ ಸಣ್ಣವು ಉಳಿದಿದ್ದವು. ಕಣ್ಣಿಗೆ ಬಿದ್ದದ್ದು ಹೊಟ್ಟೆಗೆ ಹೋಯಿತು, ಅಷ್ಟೇ.

ಇನ್ನೊಂದು: ‘ಡಾಫ್ನಿಯಾ, ಸೈಕ್ಲಾಪ್ಸ್, ರೋಟಿಫರ್ ಮುಂತಾದ ಕೀಟಗಳು.’ ಇವುಗಳಲ್ಲಿ ಒಂದೂ ಕೀಟ ಅಲ್ಲ. ಮೊದಲೆರಡು ಸೀಗಡಿ, ಏಡಿಗಳ ನೆಂಟರು. ರೋಟಿಫರ್ ಬೇರೆಯದೇ ಗುಂಪು. ಕೆರೆಯಲ್ಲಿ ಕೀಟಗಳು ಬೇಕಿದ್ದರೆ ಏರೋಪ್ಲೇನ್ ಚಿಟ್ಟೆಯ ಮರಿಗಳಿವೆ.

ಅದರಲ್ಲೇ ನಾನೂ ಪೆಟ್ಟು ತಿಂದದ್ದು. ನನ್ನ ಮೊದಲ ಲೇಖನದಲ್ಲಿ ಆ ಮರಿಯನ್ನು ‘ಕೆರೆಯ ನಿಷ್ಠಾವಂತ ಕಾವಲುಗಾರ’ ಎಂದಿದ್ದೆ. ಆಗಿನ ಸಂಪಾದಕರು ಆ ಪದಕ್ಕೆ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಬರೆದರು: ‘ಸಂಬಳ ಯಾರು ಕೊಡ್ತಾರೆ?’ ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೇ ದಿನ ಒಂದು ಮರಿಯನ್ನು ಗಾಜಿನ ಬೋಗುಣಿಯಲ್ಲಿ ಹಾಕಿಕೊಂಡು ಕೂತೆ. ಜೊತೆಗೆ ನಾಲ್ಕು ಸೊಳ್ಳೆ ಮರಿ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೋಡಿದರೆ ಸೊಳ್ಳೆ ಮರಿ ಮೂರೇ ಇತ್ತು! ಗದ್ದದ ಕೆಳಗೆ ಮಡಚಿಟ್ಟ ತುಟಿ ಚಾಚಿ ಹಿಡಿಯುವುದು ನನ್ನ ಕಣ್ಣಿಗೆ ಸಿಕ್ಕಿದ್ದು ನಾಲ್ಕನೆಯದರ ಸರದಿಯಲ್ಲಿ. ಕಡ್ಡಿಯಿಂದ ಮುಟ್ಟಿದೆ. ಹಿಂಬದಿಯಿಂದ ನೀರು ಚಿಮ್ಮಿಸಿ ಮುಂದಕ್ಕೆ ಹಾರಿತು. ಕಂಡದ್ದನ್ನು ಕಂಡ ಹಾಗೆ ಬರೆದೆ. ಅವರು ಮೊದಲ ಎರಡು ಪ್ಯಾರಾ ಹೊಡೆದುಹಾಕಿ ಉಳಿದದ್ದನ್ನು ಅಚ್ಚು ಹಾಕಿದರು. ಆ ಎರಡು ಪ್ಯಾರಾಗಳ ನೋವು ಈಗಲೂ ಸ್ವಲ್ಪ ಇದೆ, ಸುಳ್ಳು ಹೇಳಲ್ಲ.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಮತ್ತೆ ಬರೆಯಿರಿ. ಮೀನಿರುವ, ಆಳ ಇರುವ ಕಡೆ ಮಧ್ಯಾಹ್ನ ಒಂದು ಸಲ, ಮಧ್ಯರಾತ್ರಿ ಒಂದು ಸಲ ಮೇಲಿನ ನೀರು ತೆಗೆದು ತೆಳು ಬಟ್ಟೆಯಲ್ಲಿ ಸೋಸಿ. ಎರಡನ್ನೂ ಲೋಟಕ್ಕೆ ಹಾಕಿ ಎಣಿಸಿ. ರಾತ್ರಿ ಒಬ್ಬರೇ ಹೋಗಬೇಡಿ. ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಳ್ಳಿ. ಬೆಳದಿಂಗಳಲ್ಲಿ ಮೀನಿಗೂ ಕಣ್ಣು ಕಾಣುತ್ತದೆ.