ಓದುಗರ ಪ್ರಶ್ನೆ: ತಾರಸ್ಥಾಯಿಯಲ್ಲಿ ಶ್ರುತಿ ಇಳಿಯುವುದೇಕೆ?

ಪ್ರಶ್ನೆ: ಮಿಡಿ (ವಾದ್ಯಗಳ ನಡುವೆ ಡಿಜಿಟಲ್ ಸಂದೇಶ ಸಾಗಿಸುವ ಪದ್ಧತಿ) ಕೀಬೋರ್ಡಿನಿಂದ ಮಾಡ್ಯುಲರ್ ಸಿಂಥಸೈಜರ್ (ಬಿಡಿ ಘಟಕಗಳನ್ನು ಕೇಬಲ್ಲಿನಿಂದ ಜೋಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ನುಡಿಸಲು ಮಿಡಿ ಸಂದೇಶವನ್ನು ವೋಲ್ಟೇಜ್ ಆಗಿಸುವ ಕನ್ವರ್ಟರ್ ಜೋಡಿಸಿದ್ದೇನೆ. ಮಂದ್ರದಲ್ಲಿ ಶ್ರುತಿ ಕೂಡುತ್ತದೆ. ಮೇಲೆ ಹೋದಂತೆ ಇಳಿಯುತ್ತದೆ. ಪರಿಹಾರವೇನು?
– ಓದುಗರೊಬ್ಬರು, ತುಮಕೂರು

ಉತ್ತರ: ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಅದು ಆಫ್‌ಸೆಟ್ ದೋಷ, ನಿಮ್ಮಲ್ಲಿರುವಂತೆ ಸ್ಥಾಯಿ ಏರಿದಷ್ಟೂ ವ್ಯತ್ಯಾಸ ಬೆಳೆಯುತ್ತಿದ್ದರೆ ಅದು ಸ್ಕೇಲ್ ದೋಷ. ಪ್ರಚಲಿತ ಪದ್ಧತಿಯಲ್ಲಿ ಒಂದು ಸ್ಥಾಯಿಗೆ 1 ವೋಲ್ಟ್, ಅಂದರೆ ಅರ್ಧಸ್ವರಕ್ಕೆ (ಸ್ಥಾಯಿಯ ಹನ್ನೆರಡನೇ ಒಂದು ಭಾಗಕ್ಕೆ) ಸುಮಾರು 83.3 ಮಿಲಿವೋಲ್ಟ್.

ಉಪಕರಣವನ್ನು ಅರ್ಧ ಗಂಟೆ ಚಾಲೂ ಇಟ್ಟು, ಆಸಿಲೇಟರಿನ (ಬಂದ ವೋಲ್ಟೇಜಿಗೆ ತಕ್ಕ ಶ್ರುತಿಯಲ್ಲಿ ನಾದ ಹುಟ್ಟಿಸುವ ಘಟಕದ) ಕೇಬಲ್ ತೆಗೆಯದೆಯೇ, ಕನ್ವರ್ಟರಿನ ಔಟ್‌ಪುಟ್ಟನ್ನು ಒಳ್ಳೆಯ ಡಿಜಿಟಲ್ ಮಲ್ಟಿಮೀಟರಿನಿಂದ ಅಳೆಯಿರಿ. ಕೇಬಲ್ ಇರಲೇಬೇಕೆಂದು ಒತ್ತಿ ಹೇಳುತ್ತೇನೆ: ಔಟ್‌ಪುಟ್ಟಿನಲ್ಲಿ 1 ಕಿಲೋಓಮ್, ಆಸಿಲೇಟರಿನ ಇನ್‌ಪುಟ್ಟಿನಲ್ಲಿ 100 ಕಿಲೋಓಮ್ ರೋಧವಿದ್ದರೆ ವೋಲ್ಟೇಜ್ ಸುಮಾರು ಶೇ 1ರಷ್ಟು ಕುಸಿಯುತ್ತದೆ, ಅಂದರೆ ಪ್ರತಿ ಸ್ಥಾಯಿಗೂ ಅರ್ಧಸ್ವರದ ಎಂಟನೇ ಒಂದು ಭಾಗದಷ್ಟು ಇಳಿತ, ಇದು ಕಿವಿಗೆ ಖಂಡಿತ ತಿಳಿಯುತ್ತದೆ. ಕೆಳಗಿನ ಒಂದು ಸ್ವರವನ್ನೂ ಅದರಿಂದ ನಾಲ್ಕು ಸ್ಥಾಯಿ ಮೇಲಿನ ಅದೇ ಸ್ವರವನ್ನೂ ಒತ್ತಿ, ಎರಡರ ಅಂತರ ನಿಖರವಾಗಿ 4 ವೋಲ್ಟ್ ಆಗುವವರೆಗೆ ಕನ್ವರ್ಟರಿನ ಸ್ಕೇಲ್ ಟ್ರಿಮ್‌ಪಾಟನ್ನು (ಹೊಂದಾಣಿಕೆಗೆಂದೇ ಇರುವ ಪುಟ್ಟ ತಿರುಪನ್ನು) ಸ್ವಲ್ಪಸ್ವಲ್ಪವೇ ತಿರುಗಿಸಿ. ಪ್ರತಿ ಸಲವೂ ಎರಡೂ ಸ್ವರಗಳನ್ನು ಹೊಸದಾಗಿ ಅಳೆಯಿರಿ, ಏಕೆಂದರೆ ಕೆಳಗಿನ ಸ್ವರದ ವೋಲ್ಟೇಜೂ ಜರುಗಿರಬಹುದು. ಆಫ್‌ಸೆಟ್ ಹೊಂದಿಸುವುದು ಆಮೇಲಿನ ಸುಲಭದ ಕೆಲಸ.

ಅಂತರ ಸರಿಯಿದ್ದೂ ಶ್ರುತಿ ಇಳಿದರೆ ದೋಷ ಆಸಿಲೇಟರಿನ ಟ್ರ್ಯಾಕಿಂಗಿನಲ್ಲಿದೆ, ಅಂದರೆ ಅದು ವೋಲ್ಟೇಜಿಗೆ ಸರಿಯಾಗಿ ಶ್ರುತಿಯನ್ನು ಏರಿಸುತ್ತಿಲ್ಲ. ಕನ್ವರ್ಟರನ್ನು ಮತ್ತೆ ಮುಟ್ಟದೆ ಆಸಿಲೇಟರಿನ ಟ್ರಿಮ್‌ಪಾಟನ್ನೇ ಹೊಂದಿಸಿ. ಅನಲಾಗ್ ಆಸಿಲೇಟರಿನ ಶ್ರುತಿ ತಾಪಮಾನಕ್ಕೆ ಬದಲಾಗುವುದರಿಂದ, ತುಮಕೂರಿನ ಬೇಸಿಗೆಯ ಮಧ್ಯಾಹ್ನಕ್ಕಿಂತ ನೀವು ನಿತ್ಯ ನುಡಿಸುವ ಹೊತ್ತಿನಲ್ಲಿ ಈ ಕೆಲಸ ಮಾಡುವುದು ಮೇಲು.