ಲೀಡ್ಸ್ ಬ್ಯಾಂಕಿಗಿಂತ ಮೊದಲು ಪಾಂಡವಪುರದ ಪಹಣಿ

ಮೈಸೂರಿನ ಕುವೆಂಪುನಗರದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಕೆಲಸಕ್ಕೆ ಹೊರಟಿದ್ದೀಯ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದರು. ಈಗ ನಿನ್ನ ಪ್ರಶ್ನೆಗಳೂ ಬಂದವು. ಹೋದ ಕೂಡಲೇ ಬ್ಯಾಂಕ್ ಅಕೌಂಟ್ ಹೇಗೆ ತೆರೆಯೋದು, ಸಂಬಳದಲ್ಲಿ ಪೆನ್ಶನ್‌ಗೆ ಹಿಡಿಯುವುದನ್ನು ಬೇಡ ಅನ್ನಬಹುದಾ, ಪಾಂಡವಪುರದ ಹತ್ತಿರ ಅರ್ಧ ಎಕರೆ ತೆಗೆದಿಡೋಣವಾ, ಕೊನೆಗೆ ಮೈಸೂರಿಗೇ ವಾಪಸ್ ಬರಬಹುದಾ. ನಾನು ಮಂಡ್ಯ ಬಿಟ್ಟು ಅದೇ ಇಂಗ್ಲೆಂಡಿನ ಲೆಸ್ಟರ್ ಸೇರಿ 22 ವರ್ಷ ಆಯ್ತು ಕಣಮ್ಮ. ಅನುಭವಿಸಿದ್ದನ್ನು ಹೇಳುತ್ತೇನೆ.

ಅಲ್ಲಿನ ಬ್ಯಾಂಕಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ವಿಳಾಸದ ದಾಖಲೆ ಕೇಳುತ್ತಾರೆ, ನಿನಗಿನ್ನೂ ಮನೆಯೇ ಸಿಕ್ಕಿರುವುದಿಲ್ಲ. ಕಂಪನಿಯಿಂದ ಒಂದು ಪತ್ರ ಬರೆಸಿಕೋ. ಮೊಬೈಲಿನಲ್ಲೇ ಅಕೌಂಟ್ ಕೊಡುವ ಬ್ಯಾಂಕುಗಳೂ ಇವೆ. ಒಂದು ಕೆಲಸ ಮಾತ್ರ ಮರೆಯಬೇಡ. ವಿಳಾಸ ಸಿಕ್ಕಿದ ತಕ್ಷಣ ಮತದಾರರ ಪಟ್ಟಿಗೆ ಹೆಸರು ಸೇರಿಸು. ತಮಾಷೆ ಅಲ್ಲ. ಕಾಮನ್‌ವೆಲ್ತ್ ದೇಶದವರಾದ್ದರಿಂದ ಭಾರತದ ಪಾಸ್‌ಪೋರ್ಟ್ ಇದ್ದವರೂ ಅಲ್ಲಿ ವೋಟು ಹಾಕಬಹುದು. ಊರಿನ ಸಿಬಿಲ್ ಸ್ಕೋರ್ ಅಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಆ ಪಟ್ಟಿಯಲ್ಲಿ ಹೆಸರಿದ್ದರೆ ಸಾಲ, ಕ್ರೆಡಿಟ್ ಕಾರ್ಡ್ ಸಿಗುವುದು ಸ್ವಲ್ಪ ಸುಲಭ.

ನಾನು ಎಡವಿದ್ದು ಊರಿನ ಬ್ಯಾಂಕಿನಲ್ಲಿ. ವಿದೇಶದಲ್ಲಿ ನೆಲೆಸಿದ ಮೇಲೆ ಇಲ್ಲಿನ ಎಸ್‌ಬಿ ಅಕೌಂಟ್ ಹಾಗೇ ಇಟ್ಟುಕೊಳ್ಳುವಂತಿಲ್ಲ, ಅನಿವಾಸಿಗಳ ಅಕೌಂಟಾದ ಎನ್‌ಆರ್‌ಒ ಮಾಡಿಸಬೇಕು. ನಾನು ಒಂಬತ್ತು ವರ್ಷ ಸುಮ್ನೆ ಬಿಟ್ಟಿದ್ದೆ. ಸಿಮ್‌ಗೆ ರೀಚಾರ್ಜ್ ಮಾಡದೆ ನಂಬರೂ ಹೋಯ್ತು. ಒಟಿಪಿ ಬರದೆ ನನ್ನ ದುಡ್ಡು ನನಗೇ ಸಿಗದ ಹಾಗಾಯ್ತು. ರಜೆಗೆ ಬಂದ ಮೂರು ವಾರದಲ್ಲಿ ಎರಡು ವಾರ ಆ ಶಾಖೆಯ ಬೆಂಚಿನ ಮೇಲೇ ಕಳೆದೆ. ನೀನು ಹೊರಡುವ ಮೊದಲೇ ಫಾರಂ ತಂದಿಟ್ಟುಕೋ, ಸಿಮ್ ಜೀವಂತ ಇಡು.

ಊರಿನ ಬಾಡಿಗೆ, ಬಡ್ಡಿ ಎನ್‌ಆರ್‌ಒಗೆ ಬರಲಿ. ಅದರ ಬಡ್ಡಿಗೆ 30%ಕ್ಕಿಂತ ಜಾಸ್ತಿ ಟಿಡಿಎಸ್ ಹಿಡಿಯುತ್ತಾರೆ. ಅಲ್ಲಿಂದ ಕಳಿಸುವ ದುಡ್ಡನ್ನು ಅನಿವಾಸಿಗಳ ಇನ್ನೊಂದು ಥರದ ಅಕೌಂಟಾದ ಎನ್‌ಆರ್‌ಇಗೆ ಹಾಕು. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಸಲು, ಬಡ್ಡಿ ಎರಡನ್ನೂ ವಾಪಸ್ ಒಯ್ಯಬಹುದು. ಆದರೆ ಇಲ್ಲಿ ತೆರಿಗೆ ಇಲ್ಲ ಅಂದ ಮಾತ್ರಕ್ಕೆ ಬ್ರಿಟನ್‌ನಲ್ಲೂ ಇಲ್ಲ ಅಂದುಕೊಂಡರೆ ಕೆಟ್ಟೆ. ಹೊಸದಾಗಿ ಬಂದವರಿಗೆ ಮೊದಲ ನಾಲ್ಕು ವರ್ಷ ಇಂಥ ಬಡ್ಡಿಗೆ ವಿನಾಯಿತಿ ಇದೆ, ಕೇಳಿ ಪಡೆಯಬೇಕು. ಪಡೆದರೆ ಸಂಬಳದ ಮೇಲಿನ ತೆರಿಗೆರಹಿತ ಮಿತಿ ಕೈತಪ್ಪುತ್ತದೆ. ಸಣ್ಣಪುಟ್ಟ ಬಡ್ಡಿಗೆ ಅದು ನಷ್ಟದ ವ್ಯಾಪಾರ.

ಇನ್ನು ಅರ್ಧ ಎಕರೆ. ಎನ್‌ಆರ್‌ಐ ಆದ ಮೇಲೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮುಂಚೆ ಕೊಂಡಿದ್ದು ಇಟ್ಟುಕೊಳ್ಳಬಹುದು. ಅಪ್ಪನಿಂದ ಬಂದಿದ್ದೂ ಇಟ್ಟುಕೊಳ್ಳಬಹುದು. ಮಾರುವಾಗ ಮಾತ್ರ ಭಾರತದಲ್ಲೇ ಇರುವ ಭಾರತೀಯನಿಗೆ ಮಾರಬೇಕು. ಬ್ರಿಟಿಷ್ ಪೌರತ್ವ ಪಡೆದು, ಭಾರತೀಯ ಮೂಲದ ವಿದೇಶಿಯರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಮಾಡಿಸಿದರೂ ಇದೇ ಕತೆ. ಹಾಗಾಗಿ ಕೊಳ್ಳುವುದಾದರೆ ಹೊರಡುವ ಮೊದಲು. ಇಲ್ಲದಿದ್ದರೆ ಮೈಸೂರಲ್ಲಿ ಒಂದು ಫ್ಲ್ಯಾಟು, ಅದಕ್ಕೆ ತಡೆ ಇಲ್ಲ. ಅಪ್ಪನ ಹೊಲದ ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಈಗಲೇ ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿ ಅಂತ ಅವರಿಗೆ ಹೇಳು. ನಮ್ಮಲ್ಲಿ ಅದಾಗಿರಲಿಲ್ಲ. ಪ್ರತಿ ಸಹಿಗೂ ನಾನು ಲೆಸ್ಟರ್‌ನಿಂದ ಅಧಿಕಾರ ಪತ್ರ ಮಾಡಿಸಿ ಕಳಿಸಬೇಕಾಯ್ತು.

ಪೆನ್ಶನ್ ಎರಡು ಥರ. ಕಂಪನಿಯದ್ದು ಒಂದು. ಸಂಬಳದ ನಿಗದಿತ ಭಾಗದ ಮೇಲೆ ಕನಿಷ್ಠ 8%: ಕಂಪನಿಯ ಪಾಲು 3, ನಿನ್ನದು ತೆರಿಗೆ ರಿಯಾಯಿತಿ ಸೇರಿ 5. ಬೇಡ ಅನ್ನಬಹುದು, ಅನ್ನಬೇಡ. ಕಂಪನಿಯ ದುಡ್ಡನ್ನು ಸುಮ್ನೆ ಬಿಟ್ಟುಕೊಟ್ಟಂತೆ. ಊರಿಗೆ ಬಂದರೂ ಅದು ನಿನ್ನ ಹೆಸರಲ್ಲೇ ಇರುತ್ತದೆ. ಆದರೆ 2028ರ ಏಪ್ರಿಲ್‌ನಿಂದ 57 ತುಂಬುವ ಮೊದಲು ಕೈ ಹಾಕುವಂತಿಲ್ಲ.

ಇನ್ನೊಂದು ಸರ್ಕಾರದ್ದು, ಇದರಲ್ಲೇ ಕೊಕ್ಕೆ. ಸಂಬಳದಲ್ಲಿ ಹಿಡಿಯುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಕನಿಷ್ಠ 10 ವರ್ಷ ಕಟ್ಟಿರಬೇಕು, ಪೂರ್ತಿ ಪೆನ್ಶನ್‌ಗೆ 35 ವರ್ಷ. ಎಂಟು ವರ್ಷ ದುಡಿದು ಬಂದರೆ ಏನೂ ಸಿಗುವುದಿಲ್ಲ, ಕಟ್ಟಿದ್ದೂ ವಾಪಸ್ ಬರುವುದಿಲ್ಲ. ನಿನ್ನ ವಯಸ್ಸಿನವರಿಗೆ ಅದು ಶುರುವಾಗುವುದು ಈಗಿನ ಕಾನೂನಿನಂತೆ 68ಕ್ಕೆ. ನನ್ನನ್ನು ಕಾಡುವ ಮಾತು ಬೇರೆ. ಬ್ರಿಟನ್‌ನಲ್ಲೇ ಇದ್ದರೆ ಆ ಮೊತ್ತ ವರ್ಷ ವರ್ಷ ಏರುತ್ತದೆ. ಅಮೆರಿಕದಲ್ಲಿದ್ದರೂ ಏರುತ್ತದೆ. ಭಾರತಕ್ಕೆ ಬಂದು ನೆಲೆಸಿದರೆ ಏರಿಕೆ ಅಲ್ಲಿಗೇ ನಿಂತುಹೋಗುತ್ತದೆ. ಮದ್ದೂರು ವಡೆಯ ರೇಟು ಏರುತ್ತಾ ಹೋಗುತ್ತದೆ, ಪೆನ್ಶನ್ ಮಾತ್ರ ಇಪ್ಪತ್ತು ವರ್ಷ ಅದೇ ಪೌಂಡು. ಇದು ಅನ್ಯಾಯ ಅಂತಲೇ ನನ್ನ ಅನಿಸಿಕೆ. ಕಟ್ಟುವಾಗ ಎಲ್ಲರೂ ಒಂದೇ ರೀತಿ ಕಟ್ಟುತ್ತೇವೆ ಅಲ್ವಾ?

ಹಾಗಾದರೆ ವಾಪಸ್ ಬರಬಹುದಾ? ಬರಬಹುದು, ಆದರೆ ಸರ್ಕಾರದ ಪೆನ್ಶನ್ ನಂಬಿಕೊಂಡು ಬರಬೇಡ. ಕಂಪನಿಯದ್ದು, ಎನ್‌ಆರ್‌ಇಯಲ್ಲಿ ಕೂಡಿಟ್ಟದ್ದು, ಸ್ವಂತ ಸೂರು, ಇವು ಇರಲಿ. ನಾನೂ ನನ್ನವಳೂ ಸದ್ಯಕ್ಕೆ ಮಾಡಿರುವ ಲೆಕ್ಕ ಹೀಗಿದೆ: ಚಳಿಗಾಲದ ನಾಲ್ಕು ತಿಂಗಳು ಮೈಸೂರು, ಉಳಿದದ್ದು ಲೆಸ್ಟರ್. ಅವಳಿಗೆ ಮೊಮ್ಮಕ್ಕಳನ್ನು ಬಿಟ್ಟು ಬರಲು ಮನಸ್ಸಿಲ್ಲ, ನನಗೆ ಜನವರಿಯ ಲೆಸ್ಟರ್ ಬೇಡ.

ಟಿಕೆಟ್ ಬುಕ್ ಮಾಡುವ ಮೊದಲು ಒಂದು ದಿನ ರಜೆ ಹಾಕಿ ಅಪ್ಪನ ಜೊತೆ ತಾಲ್ಲೂಕು ಕಚೇರಿಗೆ ಹೋಗಿ ಬಾ. ಪಹಣಿಯಲ್ಲಿ ಯಾರ ಹೆಸರಿದೆ ಅಂತ ನನಗೂ ತಿಳಿಸು.