ಪೋ ನಗಿಸುತ್ತಿದ್ದ, ಅದನ್ನೂ ಬರೆಯಿರಿ

ನಮಸ್ಕಾರ.

ಅಮೆರಿಕದ ಕವಿ, ಕತೆಗಾರ ಎಡ್ಗರ್ ಅಲನ್ ಪೋ ಬಗ್ಗೆ ನೀವು ಕಳಿಸಿದ 'ಕತ್ತಲೆಯ ಕವಿ' ಲೇಖನ ಓದಿದೆ. ಈಗ ಇರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಭಾಷೆಯ ತಕರಾರಲ್ಲ, ನಿಮ್ಮ ಕನ್ನಡ ಚೆನ್ನಾಗಿದೆ. "ಪೋನ ಒಂದೊಂದು ಸಾಲಲ್ಲೂ ಸಾವಿನ ವಾಸನೆ" ಎಂದು ಶುರು ಮಾಡಿದ್ದೀರಿ. ಉಳಿದ ಪುಟಗಳೆಲ್ಲ ಆ ಮಾತಿಗೆ ಸಾಕ್ಷಿ ಹುಡುಕುವುದರಲ್ಲೇ ಮುಗಿದಿವೆ. ಬಡತನ, ಕುಡಿತ, 1847ರಲ್ಲಿ ಹೆಂಡತಿ ವರ್ಜೀನಿಯಾ ಕ್ಷಯದಿಂದ ತೀರಿಕೊಂಡಿದ್ದು, 1849ರಲ್ಲಿ ನಲವತ್ತಕ್ಕೇ ಬಾಲ್ಟಿಮೋರ್‌ನಲ್ಲಿ ಅವನ ಸಾವು. ಎಲ್ಲ ನಿಜ. ಆದರೆ ಎಲ್ಲರೂ ಬರೆಯುವುದು ಇದನ್ನೇ ಅಲ್ವಾ? ಮೊದಲ ಎರಡು ಪುಟ ತೆಗೆದುಬಿಡಿ, ಲೇಖನಕ್ಕೆ ಏನೂ ಆಗುವುದಿಲ್ಲ.

ಇದೇ ಮನುಷ್ಯ ತಮಾಷೆ ಕತೆಗಳನ್ನೂ ರಾಶಿ ಬರೆದಿದ್ದಾನೆ. ನಿಮ್ಮಲ್ಲಿ ಒಂದರ ಹೆಸರೂ ಇಲ್ಲ. ನೀವು ಸಲಹೆ ಕೇಳಿದ್ದೀರಲ್ಲ, ಅದಕ್ಕೆ ಸರಿಯಾದ ಕತೆಯೇ ಒಂದಿದೆ. 1838ರದ್ದು, 'ಹೌ ಟು ರೈಟ್ ಎ ಬ್ಲ್ಯಾಕ್‌ವುಡ್ ಆರ್ಟಿಕಲ್'. ಮೈ ನಡುಗಿಸುವ ಕತೆಗಳಿಗೆ ಹೆಸರಾಗಿದ್ದ ಎಡಿನ್‌ಬರೋದ ಬ್ಲ್ಯಾಕ್‌ವುಡ್ ಪತ್ರಿಕೆಯನ್ನು ಅದರಲ್ಲಿ ಗೇಲಿ ಮಾಡಿದ್ದಾನೆ. ಸೈಕಿ ಝೆನೋಬಿಯಾ ಎಂಬ ಹೆಂಗಸು ಬರೆಯುವುದು ಕಲಿಯಬೇಕೆಂದು ಸಂಪಾದಕರ ಹತ್ತಿರ ಹೋಗುತ್ತಾಳೆ. ಅವರು ಹೇಳುವುದೇನು? ನೀರಲ್ಲಿ ಮುಳುಗಿದರೂ ಸರಿ, ನೇಣಿಗೆ ಬಿದ್ದರೂ ಸರಿ, ಆಗ ಹೇಗನಿಸಿತು ಎಂದು ಬರೆದಿಟ್ಟುಕೊಳ್ಳಿ, ಒಳ್ಳೆಯ ದುಡ್ಡು ಬರುತ್ತದೆ! ಜೊತೆಗೆ ಅಲ್ಲಲ್ಲಿ ಉದುರಿಸಲು ಒಂದಷ್ಟು ಪರಭಾಷೆಯ ಮಾತುಗಳನ್ನೂ ಕೊಡುತ್ತಾರೆ. (ನಿಮ್ಮ ಲೇಖನದಲ್ಲೂ ಫ್ರೆಂಚ್ ಮಾತುಗಳು ಸುಮ್ನೆ ಬಂದು ಕೂತಿವೆ. ತೆಗೆಯಿರಿ.)

ಜೊತೆಗತೆ 'ಎ ಪ್ರೆಡಿಕಮೆಂಟ್'ನಲ್ಲಿ ಸಂಪಾದಕರು ಹೇಳಿದಂತೆಯೇ ಅವಳು ಮಾಡುತ್ತಾಳೆ. ಚರ್ಚಿನ ಗೋಪುರ ಹತ್ತಿ, ಗಡಿಯಾರದ ಮುಖದಲ್ಲಿದ್ದ ತೂತಿನಿಂದ ತಲೆ ಹೊರಗೆ ಹಾಕಿ ಊರು ನೋಡುತ್ತಾ ಮೈ ಮರೆಯುತ್ತಾಳೆ. ನಿಮಿಷದ ಮುಳ್ಳು ಕುತ್ತಿಗೆ ಮೇಲೆ ಇಳಿಯತೊಡಗುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಇಂಚು ಕೊಯ್ಯಿತು ಎಂದು ಅವಳು ಲೆಕ್ಕ ಕೊಡುತ್ತಾ ಹೋಗುತ್ತಾಳೆ. ಒಂದು ಕಣ್ಣು ಕಿತ್ತು ಹೊರಬಂದು, ಮಳೆನೀರು ಹರಿಯುವ ಸೂರಿನ ದೋಣಿಯಲ್ಲಿ ಬಿದ್ದು, ಅಲ್ಲಿಂದಲೇ ಅವಳನ್ನು ದುರುಗುಟ್ಟಿ ನೋಡುತ್ತದೆ. ಅವಳಿಗೆ ನೋವಿಗಿಂತ ಆ ಕಣ್ಣಿನ ಸೊಕ್ಕಿನ ಮೇಲೇ ಸಿಟ್ಟು ಜಾಸ್ತಿ.

ಈಗ 1842ರ 'ದ ಪಿಟ್ ಅಂಡ್ ದ ಪೆಂಡ್ಯುಲಮ್' ತೆಗೆಯಿರಿ. ಇದರ ಬಗ್ಗೆ ನೀವು ಒಂದೂವರೆ ಪುಟ ಬರೆದಿದ್ದೀರಿ. ಸ್ಪೇನಿನ ಟೊಲೆಡೊದ ನೆಲಮಾಳಿಗೆಯಲ್ಲಿ ಕಟ್ಟಿಹಾಕಿದ ಕೈದಿ, ಮೇಲಿಂದ ತೂಗುತ್ತಾ ಇಳಿಯುವ ಅಲಗು. ಇಲ್ಲೂ ನಿಧಾನ, ಇಲ್ಲೂ ಲೆಕ್ಕ. ನಾಲ್ಕು ವರ್ಷ ಮೊದಲು ನಗಿಸಲು ಬಳಸಿದ ಯಂತ್ರವೇ ಈಗ ಹೆದರಿಸುತ್ತಿದೆ. ವ್ಯತ್ಯಾಸ ಎಲ್ಲಿದೆ? ಝೆನೋಬಿಯಾ ಲೆಕ್ಕ ಇಡುವುದು ಬರೆಯುವುದಕ್ಕೆ, ಕೈದಿ ಇಡುವುದು ಬದುಕುವುದಕ್ಕೆ. ನಿಮ್ಮ ಲೇಖನ ಇರಬೇಕಾದದ್ದು ಇಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ಎರಡು ಪುಟ ಬೇಕಾದರೂ ಕೊಡುತ್ತೇನೆ.

ಕವಿತೆಯ ವಿಷಯ. 1845ರ 'ದ ರೇವನ್' ಅನ್ನು ನೀವು ಶುರುವಿನಿಂದಲೇ ಅಳುಮುಂಜಿ ಮಾಡಿದ್ದೀರಿ. ಮತ್ತೊಮ್ಮೆ ಓದಿ. ಕಾಗೆ ಜಾತಿಯ ಆ ಹಕ್ಕಿ ಒಳಗೆ ಬಂದಾಗ ಅದರ ಗತ್ತು ನೋಡಿ ಕವಿತೆಯ ನಿರೂಪಕನಿಗೆ ನಗು ಬರುತ್ತದೆ. ನಿಮ್ಮ ಹೆಸರೇನು ಸ್ವಾಮಿ ಎಂಬಂತೆ ಕೇಳುತ್ತಾನೆ. 'ನೆವರ್‌ಮೋರ್' (ಇನ್ನೆಂದೂ ಇಲ್ಲ) ಎಂಬ ಉತ್ತರ ಬಂದರೆ, ಹಿಂದೆ ಸಾಕಿದವನು ಯಾರೋ ಕಲಿಸಿರಬೇಕು ಅಂದುಕೊಳ್ಳುತ್ತಾನೆ. ಆಮೇಲೆ ತಾನೇ ಸತ್ತುಹೋದ ಪ್ರಿಯತಮೆ ಲೆನೋರ್ ಬಗ್ಗೆ ಕೇಳತೊಡಗುತ್ತಾನೆ, ಉತ್ತರ ಗೊತ್ತಿದ್ದೂ ಕೇಳುತ್ತಾನೆ. ಕವಿತೆ ತಿರುಗುವುದು ಅಲ್ಲಿ. ಹಕ್ಕಿಯ ಪ್ರವೇಶವನ್ನು ಬೇಕೆಂದೇ ನಗು ಬರುವಂತೆ ಬರೆದೆ ಎಂದು 1846ರ ಪ್ರಬಂಧದಲ್ಲಿ ಪೋನೇ ಹೇಳಿಕೊಂಡಿದ್ದಾನೆ. ಮೊದಲು ಗಿಳಿಯನ್ನೇ ಯೋಚಿಸಿದ್ದೆ ಎಂದೂ ಅದರಲ್ಲಿದೆ. ಆ ಪ್ರಬಂಧವನ್ನು ನಾನು ಪೂರ್ತಿ ನಂಬುವುದಿಲ್ಲ, ಅದೂ ಅರ್ಧ ತಮಾಷೆಯೇ ಇರಬಹುದು.

ಹಾಗಂತ ಈಗ ಉಲ್ಟಾ ಹೊಡೆದು ಅವನನ್ನು ಹಾಸ್ಯ ಚಕ್ರವರ್ತಿ ಮಾಡಬೇಡಿ. ಹಲವು ಕತೆಗಳು ಇವತ್ತು ಸಪ್ಪೆ. 'ದ ಸ್ಪೆಕ್ಟಕಲ್ಸ್'ನಲ್ಲಿ ಕನ್ನಡಕ ಹಾಕಲು ನಾಚುವ ಹುಡುಗ ತನ್ನ ಮುತ್ತಜ್ಜಿಯ ತಾಯಿಯನ್ನೇ ಪ್ರೀತಿಸಿಬಿಡುತ್ತಾನೆ. ಕೊನೆ ಏನೆಂದು ನಮಗೆ ಬೇಗ ಗೊತ್ತಾಗುತ್ತದೆ, ಕತೆ ಮಾತ್ರ ಮುಗಿಯುವುದೇ ಇಲ್ಲ. 'ಎ ಪ್ರೆಡಿಕಮೆಂಟ್'ನ ಕಪ್ಪು ಆಳು ಪಾಂಪಿಯನ್ನು ಚಿತ್ರಿಸಿರುವ ರೀತಿ ಈಗ ನಗು ತರಿಸುವುದಿಲ್ಲ, ಅದನ್ನೂ ಮುಚ್ಚುಮರೆ ಇಲ್ಲದೆ ಬರೆಯಿರಿ. ಹುಚ್ಚಾಸ್ಪತ್ರೆಯ ರೋಗಿಗಳೇ ಆಡಳಿತ ಹಿಡಿಯುವ 1845ರ 'ಡಾಕ್ಟರ್ ಟಾರ್' ಕತೆ ಇನ್ನೂ ಗಟ್ಟಿ. ಜಾಗ ಉಳಿದರೆ 1846ರ 'ಎ ವ್ಯಾಲೆಂಟೈನ್' ಸೇರಿಸಿ. ಮೊದಲ ಸಾಲಿನ ಮೊದಲ ಅಕ್ಷರ, ಎರಡನೆಯದರ ಎರಡನೆಯ ಅಕ್ಷರ, ಹೀಗೆ 20 ಸಾಲು ಹಿಡಿದರೆ ಕವಯಿತ್ರಿ ಫ್ರಾನ್ಸಿಸ್ ಸಾರ್ಜೆಂಟ್ ಆಸ್ಗುಡ್ ಹೆಸರು ಸಿಗುತ್ತದೆ.

ಒಟ್ಟು 1,200 ಪದ ದಾಟಬೇಡಿ. ಶೀರ್ಷಿಕೆ ಬದಲಿಸಿ. ಮತ್ತೆ ಕಳಿಸುವಾಗ ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ, ನುಡಿ ಫೈಲ್‌ನ ಒತ್ತಕ್ಷರಗಳೆಲ್ಲ ನಮ್ಮಲ್ಲಿ ಕಲಸಿಹೋಗುತ್ತವೆ.